ಸೊನ್ನೆ ಬಿಂದು ನಾಲ್ಕು ಏಳು

ಗಡಿಯಾರ ಉರಿಯುತ್ತದೆ, ಕಾಫಿ ಇಳಿಯುವುದಿಲ್ಲ.
ಗುಂಡಿ ಒತ್ತಿದರೆ ಹಸಿರು ಅಂಕಿಗಳು ಮಂಕಾಗಿ
ಮತ್ತೆ ಹನ್ನೆರಡು ಗಂಟೆ, ಮತ್ತೆ ಹನ್ನೆರಡು,
ಒಳಗೆ ಯಾರೋ ಏಳಲು ಹೋಗಿ
ಮಂಡಿ ಹಿಡಿದು ಕೂತ ಹಾಗೆ.

"ಬಿಸಾಕು" ಎಂದಳು ತಂಗಿ ಮಕರೇನಾ,
"ಹೊಸದೇ ಇದರ ರಿಪೇರಿಗಿಂತ ಅಗ್ಗ."
ಬಿಸಾಕಲಿಲ್ಲ. ಹಟವೇನಲ್ಲ,
ಭಾನುವಾರವಿತ್ತು. ವಾಲ್ಪರೈಸೊದ ಬಂದರನ್ನು
ಮಂಜು ನುಂಗಿ ಕೂತಿತ್ತು,
ಹಡಗುಗಳ ಕೂಗೊಂದೇ ಬೆಟ್ಟ ಹತ್ತಿ ಬರುತ್ತಿತ್ತು.

ತಳದಲ್ಲಿ ನಾಲ್ಕು ತಿರುಪು. ಮೂರು ಸಲೀಸು.
ನಾಲ್ಕನೆಯದರ ತಲೆ ನಮ್ಮಂಥವರು ಬಿಚ್ಚಬಾರದೆಂದೇ ಕೆತ್ತಿದ್ದು;
ತರಕಾರಿ ಚಾಕುವಿನ ತುದಿ ಮುರಿದು ಬಿಚ್ಚಿದೆ.

ಮೊದಲು ಹುಡುಕಿದ್ದು ಟ್ರಾನ್ಸ್‌ಫಾರ್ಮರನ್ನು.
ಅಪ್ಪನ ರೇಡಿಯೋದಲ್ಲಿತ್ತಲ್ಲ, ಕಬ್ಬಿಣದ ಮುದ್ದೆ,
ಎತ್ತಿದರೆ ಕೈ ಜಗ್ಗುವಂಥದು, ಕೂತಲ್ಲೇ ಗುಂಯ್‌ಗುಡುವಂಥದು.
ಇಲ್ಲ.
ಇನ್ನೂರಿಪ್ಪತ್ತು ವೋಲ್ಟು ಹೊಸ್ತಿಲಲ್ಲಿ ಬಂದು ನಿಂತಿದೆ,
ಒಳಗಿನ ರಿಲೇಗೆ ಬೇಕಾದ್ದು ಇಪ್ಪತ್ನಾಲ್ಕು,
ಚಿಪ್ಪಿಗೆ ಬರೀ ಐದು.
ನಡುವೆ ತಡೆಯುವವರೇ ಇಲ್ಲವೆ?
ಒಂದು ಹಳದಿ ಡಬ್ಬಿ, ಬೆಂಕಿಪೊಟ್ಟಣದ ಅರ್ಧ.
ಇದೇನು ತಡೆದೀತು ಎಂದು ಹಲಗೆ ಮಗುಚಿ
ಅದರ ಕಾಲುಗಳನ್ನು ಮುಟ್ಟಿದೆ.

ಪ್ಲಗ್ಗು ಗೋಡೆಯಲ್ಲಿರಲಿಲ್ಲ, ನನ್ನ ಮಡಿಲಲ್ಲಿತ್ತು.
ಆದರೂ ಕಚ್ಚಿತು.

ನನ್ನ ಕಿರುಚು ಕೇಳಿ ಮೇಲಿನ ಮನೆಯ ಓಯಾರ್ಸೂನ್ ಇಳಿದು ಬಂದ,
ಮೂವತ್ತು ವರ್ಷ ಹಡಗುಗಳ ಹೊಟ್ಟೆಯಲ್ಲಿ ತಂತಿ ಎಳೆದ ಮುದುಕ.
"ಪಕ್ಕದಲ್ಲೊಂದು ರೆಸಿಸ್ಟರ್ ಇದೆ ನೋಡು, ಭತ್ತದ ಕಾಳಿನಷ್ಟು.
ಎಲ್ಲ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿದದ್ದನ್ನು
ಸದ್ದಿಲ್ಲದೆ ಬಸಿಯುವುದೊಂದೇ ಅದರ ಕೆಲಸ.
ಅದು ಸತ್ತಿದೆ. ಸತ್ತದ್ದು ಯಾರಿಗೂ ತಿಳಿಯುವುದಿಲ್ಲ,
ನಿನ್ನ ಹಾಗೆ ಕೈಯಿಕ್ಕುವವರಿಗಲ್ಲದೆ."

ಕರೆಂಟ್ ಬಿಲ್ಲಿನ ಬೆನ್ನಿಗೆ ನಕ್ಷೆ ಬರೆಯತೊಡಗಿದೆ,
ಹಲಗೆಯನ್ನು ದೀಪಕ್ಕೆ ಹಿಡಿದು, ತಾಮ್ರದ ಹಾದಿಯ ಮೇಲೆ ಉಗುರಾಡಿಸುತ್ತ.
ಎರಡು ಸಲ ತಪ್ಪಿದೆ, ಒಮ್ಮೆ ಬಿಲ್ಲೇ ಹರಿಯಿತು.
ನಾಲ್ಕು ಡಯೋಡು, ವಜ್ರದ ಆಕಾರ:
ಹೋಗಿಬರುವುದನ್ನು ಬರೀ ಬರುವುದಾಗಿ ಮಾಡುವವು.
ದುಂಡನೆಯ ಇನ್ನೊಂದು ಕೆಪಾಸಿಟರ್, ಅಲೆಯನ್ನು ಕೆರೆಯಾಗಿಸುವುದು.
ಝೀನರ್, ಹೆಚ್ಚಾದದ್ದನ್ನು ತಾನೇ ಕುಡಿದು ಮೈ ಬಿಸಿ ಮಾಡಿಕೊಳ್ಳುವುದು.

ಸರಿ. ಆದರೆ ಉಳಿದ ನೂರ ತೊಂಬತ್ತು ಚಿಲ್ಲರೆ?
ಅದನ್ನು ನುಂಗಿದವರು ಸುಡಬೇಕಿತ್ತಲ್ಲ,
ಹಳದಿ ಡಬ್ಬಿ ತಣ್ಣಗೆ ಕೂತಿದೆ.
ಓಯಾರ್ಸೂನ್ ಗಲ್ಲದಲ್ಲೇ ಕಿಟಕಿಯಾಚೆ ತೋರಿಸಿದ.
ಇಳಿಜಾರಿನ ಹಳಿಯ ಮೇಲೆ, ಒಂದೇ ಹಗ್ಗದ ಎರಡು ತುದಿಗೆ
ಎರಡು ಮರದ ಪೆಟ್ಟಿಗೆ. ಮಂಜಿನಿಂದ ಒಂದು ಮೇಲೆ ಬರುತ್ತಿತ್ತು,
ಒಂದು ಮಂಜಿಗಿಳಿಯುತ್ತಿತ್ತು.
"ಇಳಿದವನ ಭಾರ ಸುಟ್ಟು ಹೋಯಿತೇನು?" ಎಂದ.

ಕಡ ತರುತ್ತದೆ, ಕಡ ತೀರಿಸುತ್ತದೆ,
ಸೆಕೆಂಡಿಗೆ ನೂರು ಸಲ, ಬಾಗಿಲಲ್ಲೇ.
ಒಳಕ್ಕೆ ಹೋಗುವುದು ಆ ಓಡಾಟದ ಕಿರುಬೆರಳಷ್ಟು.

ಮೀಟರ್ ಹಿಡಿದೆವು. ಮೈಮೇಲೆ ಅಚ್ಚಾದದ್ದು ಸೊನ್ನೆ ಬಿಂದು ನಾಲ್ಕು ಏಳು.
ಮುಳ್ಳು ಹೇಳಿದ್ದು ಸೊನ್ನೆ ಬಿಂದು ಒಂದು ಒಂಬತ್ತು.
ಒಡೆದಿಲ್ಲ, ಊದಿಲ್ಲ, ಕಪ್ಪಾಗಿಲ್ಲ.
ಒಳಗೆ ಸುರುಳಿ ಸುತ್ತಿದೆಯಂತೆ,
ಕನ್ನಡಿಯ ಮೇಲಿನ ಉಸಿರಿನಷ್ಟು ತೆಳು ಲೋಹ.
ಹೊರಗಿನ ತಂತಿಯಲ್ಲಿ ಸೆಟೆದೆದ್ದ ಒಂದೊಂದು ಸೆಳಕೂ
ಅದಕ್ಕೊಂದು ತೂತು ಕೊರೆಯುತ್ತದೆ.
ತೂತಿನ ಅಂಚನ್ನು ಅದು ತಾನೇ ಸುಟ್ಟುಕೊಂಡು
ಗಾಯ ಮುಚ್ಚುತ್ತದೆ, ದುಡಿಯುತ್ತದೆ,
ಪ್ರತಿ ಸಲವೂ ಒಂದು ಚೂರು ಕಮ್ಮಿ.
ವಾಸಿಯಾಗಿ ವಾಸಿಯಾಗಿಯೇ ಸವೆದದ್ದು.

ನಾನು ಮಾತಾಡಲಿಲ್ಲ. ಮಕರೇನಾ ಕೂಡ
ಫೋನು ಕೆಳಗಿಟ್ಟು ಬಂದು ನೋಡಿದಳು.

ಸೋಮವಾರ ಕೆಳಪೇಟೆಯಲ್ಲಿ ಆರುನೂರು ಪೆಸೊ,
ರೆಸಿಸ್ಟರ್ ಪುಕ್ಕಟೆ ಸೇರಿಸಿದ ಅಂಗಡಿಯವ.
ಬೆಸುಗೆ ಹಾಕಿದವಳು ನಾನೇ, ಒರಟಾಗಿದೆ, ನಿಲ್ಲುತ್ತದೆ.
ಗುಂಡಿ ಒತ್ತಿದೆ. ಟಕ್ ಎಂದಿತು ರಿಲೇ,
ನೀರು ಗೊಣಗತೊಡಗಿತು.

ಗಡಿಯಾರ ಮಾತ್ರ ಈಗಲೂ ಹನ್ನೆರಡಕ್ಕೇ ಮಿಣುಕುತ್ತಿದೆ.
ವೇಳೆ ಹೊಂದಿಸುವ ಗುಂಡಿ ಯಾವುದೆಂದು
ಮನೆಯಲ್ಲಿ ಯಾರಿಗೂ ನೆನಪಿಲ್ಲ.