ಕೊನೆಯ ಸ್ಟಾಪು

ಕ್ರಯಪತ್ರ ನನ್ನ ಹೆಸರಲ್ಲಿ, ಖಾತೆ ನನ್ನ ಹೆಸರಲ್ಲಿ,
ಈ ತಿಂಗಳ ಕರೆಂಟು ಬಿಲ್ಲೂ.
ಬೆಳಕು ಮಾತ್ರ ಚೌಡಾಚಾರರದು.

ಹೊಸಲೈನಿನ ಆ ಮನೆಗೆ ಡ್ಯೂಟಿ ಮುಗಿಸಿ ಹೋದರೆ
"ಆಷಾಢ ಕಳೀಲಿ ಕಂಡಕ್ಟ್ರಮ್ಮ" ಅನ್ನುತ್ತಾರೆ.
ಆಷಾಢ ಕಳೆದು ಗೌರಿ ಬಂದಳು,
ಪಿತೃಪಕ್ಷವೂ ಆಯಿತು.
ಅವರ ಹೆಂಡತಿ ನನ್ನ ಮನೆಯಲ್ಲಿ ನನಗೇ
ನೆಂಟರ ಲೋಟದಲ್ಲಿ ಕಾಫಿ ಕೊಡುತ್ತಾರೆ.

ಠಾಣೆಯವರು: "ಇದು ಸಿವಿಲ್ಲು, ನಮ್ಮದಲ್ಲ."
ತಮ್ಮ: "ಸಾಮಾನು ಬೀದಿಗಿಡೋಣ, ಹತ್ತು ಹುಡುಗರು ಸಾಕು."
ವಕೀಲೆ ನೂರ್ ಆಯಿಷಾ ಕನ್ನಡಕ ಒರೆಸುತ್ತ:
"ಇಟ್ಟರೆ ಕೇಸು ನಿಮ್ಮ ಮೇಲೆ. ಮೊದಲು ನೋಟೀಸು.
ಆಮೇಲೆ ಸ್ವಾಧೀನಕ್ಕೆ ದಾವೆ,
ಕೂತ ದಿನಕ್ಕೆಲ್ಲ ಪರಿಹಾರವೂ ಕೇಳೋಣ."
"ಎಷ್ಟು ದಿನ ಮೇಡಂ?"
ಅವರು ಕನ್ನಡಕ ಮತ್ತೊಮ್ಮೆ ಒರೆಸಿದರು.

ಹದಿನೇಳು ವರ್ಷ ಬಸ್ಸಿನಲ್ಲಿ
ಟವೆಲ್ಲು ಹಾಕಿದವನ, ಕೂತುಬಿಟ್ಟವನ
ಜಗಳ ಬಿಡಿಸಿದವಳು ನಾನು.
ಕೊನೆಯ ಸ್ಟಾಪಿನಲ್ಲಿ ನಿದ್ದೆ ಹೋದವರ
ಭುಜ ಮುಟ್ಟಿ "ಹಾಸನ ಬಂತು, ಇಳೀರಿ" ಅಂದಿದ್ದೇನೆ.

ನೋಟೀಸು ಓದುವಾಗ
ಚೌಡಾಚಾರರು ತಾವೇ ಕೆತ್ತಿದ ಬಾಗಿಲ ಹೂವು
ನೆನಪಾಯಿತು. ಒಂದು ಎಸಳು ಇನ್ನೂ ಬಾಕಿ,
ಕೈ ನಡುಗುತ್ತದಂತೆ.

ಸಹಿ ಹಾಕಿದೆ.
ಚಿಲ್ಲರೆ ಸಮೇತ ಎಣಿಸಿ ಫೀಸು ಕೊಟ್ಟೆ.