ಮುಳ್ಳು ನೋಡುವವಳು

ನಿಂತ ಗಾಡಿಯಲ್ಲಿ, ರೆಗ್ಯುಲೇಟರಿನ ಕೊಳವೆ ಕಿತ್ತರೆ
ಮೂರು ಬಾರ್. ಕೂದಲೆಳೆಯಷ್ಟೂ ಅಲುಗದು.
"ನೋಡು ಅತ್ತೆ, ಸರಿಯಾಗೇ ಇದೆ" ಅಂದ ಯಾಲ್ಮರಿ.
ಮಲಗಿದವನ ನಾಡಿ ಹಿಡಿದು
ಓಡುವವನ ಎದೆಯ ಸುದ್ದಿ ಹೇಳಬೇಡ, ಅಂದೆ.

ಹತ್ತಿ ಕೂತೆವು.
ಪೆಟ್ರೋಲು ಒಳಗೆ ಬರಬಾರದಲ್ಲ,
ಮಾಪಕವನ್ನು ಎದುರುಗಾಜಿನ ಹೊರಮೈಗೆ ಟೇಪು ಹಾಕಿ ಅಂಟಿಸಿದ್ದ.
ನನ್ನ ಕೈಗೊಂದು ಟಾರ್ಚು, ಮೂಗಿನ ತುದಿಗೆ ಓದುವ ಕನ್ನಡಕ.
ಮಾರ್ಚ್ ಮುಗಿಯುತ್ತ ಬಂದರೂ ಕೆಮಿಯ ಕಡಲು ಬಿಳಿಯ ಹಲಗೆ;
ಮೈನಸ್ ಹನ್ನೊಂದು.
ಮುಚ್ಚಿದ ಕಾಗದದ ಗಿರಣಿಯ ಹಿಂದಿನ ನೇರ ರಸ್ತೆ.
ಮೂವತ್ತೊಂದು ವರ್ಷ ಅಲ್ಲಿ ಪಂಪುಗಳನ್ನು ಕಾಯ್ದವಳು ನಾನು,
ಈಗ ಗೇಟಿಗೆ ನಾಯಿಯೂ ಇಲ್ಲ.

"ಮೂರನೇ ಗೇರು. ಒತ್ತು."
ಟರ್ಬೊ ಮೊದಲು ಉಸಿರೆಳೆದುಕೊಂಡಿತು,
ಆಮೇಲೆ ಸಿಳ್ಳೆ,
ಆಮೇಲೆ ಸೀಟು ಬೆನ್ನಿಗೆ ಗುದ್ದಿತು.
ಬೂಸ್ಟು ಒಂದು ಪಾಯಿಂಟ್ ಎರಡು.
ಗಾಳಿ ಎಷ್ಟು ಏರಿತೋ ಪೆಟ್ರೋಲಿನ ಒತ್ತಡವೂ ಅಷ್ಟೇ ಏರಬೇಕು:
ನಾಲ್ಕು ಪಾಯಿಂಟ್ ಎರಡು, ಮಗುವಿಗೂ ಬರುವ ಲೆಕ್ಕ.
ಮೂರು ಮುಕ್ಕಾಲಿಗೆ ಹೋದ ಮುಳ್ಳು
ಏನೋ ಮರೆತವರಂತೆ ನಿಂತಿತು.
ಮತ್ತೆ ಇಳಿಯಿತು. ಮೂರೂವರೆ. ಮೂರು. ಎರಡು ಪಾಯಿಂಟ್ ಎಂಟು.
"ಬಿಡು! ಕಾಲು ತೆಗೆ!"
ಇಂಜಿನ್ನಿನೊಳಗೆ ಯಾರೋ ಹಿಡಿ ಗೋಲಿ ಚೆಲ್ಲಿದ ಸದ್ದು.
ಇನ್ನೆರಡು ಸೆಕೆಂಡು ಒತ್ತಿದ್ದರೆ
ಪಿಸ್ಟನ್ನಿಗೆ ತೂತು.

ಹಾಗಂತ ಅವನು ಕೈಕಟ್ಟಿ ಕೂತವನಲ್ಲ.
ಸಂಬಳ ಬಂದಾಗಲೆಲ್ಲ ಒಂದು ಡಬ್ಬ ಬಂದಿದೆ:
ಹೊಸ ಫಿಲ್ಟರು, ಹೊಸ ರೆಗ್ಯುಲೇಟರು, ದೊಡ್ಡ ಇಂಜೆಕ್ಟರುಗಳು,
ಇನ್ನೂರೈವತ್ತೈದು ಲೀಟರಿನ ಪಂಪು, ಅದೂ ಎರಡು ಸಲ,
ಮೊದಲನೆಯದು ನಕಲಿ ಮಾಲೆಂದು ಅನುಮಾನಿಸಿ.
ಹಳೆಯ ವೋಲ್ವೊದ ಸುತ್ತ ಖಾಲಿ ಡಬ್ಬಗಳ ಬೇಲಿ.
ಪ್ರತಿ ಸಲವೂ ಅದೇ ಎರಡು ಪಾಯಿಂಟ್ ಎಂಟು.

ಗಿರಣಿಯಲ್ಲಿ ನನಗೆ ಕೆಲಸ ಕಲಿಸಿದ ಮುದುಕ ಔಕುಸ್ತಿ ಅನ್ನುತ್ತಿದ್ದ:
ಪಂಪು ಕೊಡುತ್ತಿಲ್ಲ ಅಂತ ಬೈಯುವ ಮೊದಲು
ಅದಕ್ಕೆ ನೀನೇನು ಕೊಟ್ಟೆ, ಕೇಳಿಕೋ.
ಹಾಗಂದು ಊಟದ ಡಬ್ಬಿ ತೆರೆಯುತ್ತಿದ್ದ.

ಮೀಟರು ತಗೊಂಡೆ.
ಬ್ಯಾಟರಿಯ ತಲೆಯಲ್ಲಿ ಹದಿಮೂರು ಪಾಯಿಂಟ್ ಒಂಬತ್ತು ವೋಲ್ಟು.
ಹಿಂದೆ, ಟ್ಯಾಂಕಿನ ಮುಚ್ಚಳದ ಬಳಿ, ಪಂಪು ಓಡುತ್ತಿರುವಾಗ
ಹತ್ತು ಪಾಯಿಂಟ್ ಆರು.
ಮೂರು ವೋಲ್ಟಿಗೂ ಹೆಚ್ಚು ದಾರಿಯಲ್ಲೆಲ್ಲೋ ಸೋರಿದೆ,
ನೆಲ ಮಾತ್ರ ಒದ್ದೆಯಾಗಿಲ್ಲ.

ಹಿಂದಿನ ಸೀಟು ಎತ್ತಿದೆವು. ಕಾರ್ಪೆಟ್ಟು ಸುಲಿದೆವು.
ತಂತಿಯ ಮೇಲೆ ಬೆರಳಾಡಿಸುತ್ತ ಹೋದೆ. ತಣ್ಣಗೆ, ತಣ್ಣಗೆ,
ಆ ಇರುಳಿನ ಎಲ್ಲದರ ಹಾಗೆ ತಣ್ಣಗೆ.
ಒಂದು ಗಂಟು ಮಾತ್ರ ಬೆಚ್ಚಗಿತ್ತು,
ಅಂಗೈಯೊಳಗೆ ಕೋಳಿಮರಿ ಇದ್ದಷ್ಟು.

ಟೇಪು ಬಿಚ್ಚುವ ಮೊದಲೇ ಗೊತ್ತಾಯಿತು.
ಸುತ್ತು ಎಡಕ್ಕೆ ಹೋಗಿತ್ತು.
ಈ ಊರಲ್ಲಿ ಎಡಗೈಲಿ ಟೇಪು ಸುತ್ತುವವರು ಎಷ್ಟು ಮಂದಿ?
ಹತ್ತೊಂಬತ್ತು ವರ್ಷದ ಹಿಂದೆ,
ಈ ಗಾಡಿಗೆ ಟರ್ಬೊ ಇಲ್ಲದ ಕಾಲ,
ಇವನಪ್ಪ, ನನ್ನ ತಮ್ಮ, ಇದರಲ್ಲಿ ಸಂತೆಗೆ ಆಲೂಗಡ್ಡೆ ಒಯ್ಯುತ್ತಿದ್ದಾಗ
ಗಿರಣಿಯ ಕಸದಿಂದ ತಂದ ಸಪೂರ ತಂತಿ ಜೋಡಿಸಿಕೊಟ್ಟವಳು ನಾನೇ.
ಬೆಸುಗೆ ಹಾಕಿರಲಿಲ್ಲ. ತಿರುಚಿ ಸುತ್ತಿದ್ದೆ.
ಆಗ ಸಾಕಾಗಿತ್ತು.

"ಇದು ನನ್ನ ಕೆಲಸ," ಅಂದೆ.
ಅವನು ಗಂಟನ್ನು ನೋಡಿದ, ನನ್ನನ್ನು ನೋಡಿದ,
ಡಬ್ಬಗಳ ಬೇಲಿಯ ಕಡೆ ಒಮ್ಮೆ.
ಕಟರನ್ನು ನನ್ನ ಎಡಗೈಗೆ ಕೊಟ್ಟ.

ದಪ್ಪ ತಂತಿ, ಬ್ಯಾಟರಿಯಿಂದ ನೇರ, ನಡುವೆ ಫ್ಯೂಸು, ಒಂದು ರಿಲೇ;
ರಸ್ತೆಯ ಉಪ್ಪು ತಿಂದ ಗ್ರೌಂಡು ಬೋಲ್ಟನ್ನು
ಹೊಳೆಯುವವರೆಗೆ ಉಜ್ಜಿದ.
ಬೆಳಗಿನ ನಾಲ್ಕಕ್ಕೆ ಮತ್ತೆ ಅದೇ ರಸ್ತೆ.
ಟಾರ್ಚು ಸಾಯುತ್ತಿತ್ತು. ಗಾಜಿನಾಚೆ ಮುಳ್ಳು
ಮೂರು ಮುಕ್ಕಾಲು ದಾಟಿತು, ನಿಲ್ಲಲಿಲ್ಲ.
"ಎಷ್ಟು ಅತ್ತೆ? ಎಷ್ಟು?"
ಉತ್ತರ ಕೊಡಲು ಮರೆತೆ.
ಜೇಬಿನಲ್ಲಿ ಆ ಗಂಟು, ಈಗ ತಣ್ಣಗೆ,
ಹೆಬ್ಬೆರಳಿಗೆ ಚುಚ್ಚುತ್ತಿತ್ತು.