ಸತು

ಬೈತಖೋಲದಲ್ಲಿ ಬೋಟು ಕೆರೆಯುವವನು ನಾನು,
ಇಪ್ಪತ್ತೆರಡು ವರ್ಷದಿಂದ.
ಚಿಪ್ಪು, ಪಾಚಿ, ಹಳೇ ಬಣ್ಣ, ತುಕ್ಕು,
ಉಳಿಯ ಕೆಳಗೆ ಏನಿದೆಯೆಂದು ಸದ್ದಿನಲ್ಲೇ ಹೇಳುತ್ತೇನೆ.
ಟ್ಯಾಂಕು ಮಾತ್ರ ಇದೇ ಮೊದಲು.

ಕಾರವಾರದ ದಂಡೆಯಲ್ಲಿ, ಗಾಳಿಮರದ ಸಾಲಿನಾಚೆ
ಕಟ್ಟೆ ಕಟ್ಟಿ ಕೂರಿಸಿದ್ದರು, ಮೂತಿ ಕಡಲಿಗೆ.
ಮೀನು ಹಿಡಿದು ಬರುವ ಬೋಟುಗಳೆಲ್ಲ
ಅದರ ಗುರಿಯಲ್ಲೇ ಹಾದು ಬರುತ್ತಿದ್ದವು, ಹಾಡು ಹಾಕಿಕೊಂಡು.
ಕಾಂಟ್ರಾಕ್ಟರ್ ಉಲ್ಲಾಸ ಸಾರಂಗ ಹೇಳಿದ:
"ಹದಿನೈದು ದಿನ. ಹಸಿರು ಬಣ್ಣ. ಹೊಳೆಯಬೇಕು."

ಮೊದಲು ತೋಪಿನ ಬಾಯಿ ಮುಚ್ಚಿದೆ,
ಮಕ್ಕಳು ಕೈ ಹಾಕದಂತೆ.
ಅರ್ಧ ಬುಟ್ಟಿ ಸಿಮೆಂಟು ಸಾಕಾಯಿತು.
ಇಷ್ಟೇನಾ ಅನ್ನಿಸಿತು.

ಆಮೇಲೆ ಕೆರೆತ.
ಹಸಿರಿನಡಿ ಮರಳಿನ ಬಣ್ಣ,
ಮರಳಿನಡಿ ಮತ್ತೆ ಹಸಿರು,
ಎಷ್ಟು ಸಲ ಊರು ಬದಲಿಸಿತ್ತೋ.
ಎಡ ಮಗ್ಗುಲಲ್ಲಿ ಒಂದು ತಗ್ಗು,
ನನ್ನ ಮುಷ್ಟಿ ಸರಿಯಾಗಿ ಹಿಡಿಸಿತು.
ಪುಟ್ಟಿ ತುಂಬಿ ಸಮ ಮಾಡು ಅಂದ ಉಲ್ಲಾಸ.
ಹೂಂ ಅಂದೆ. ಮರೆತೆ.
ಮರುದಿನ ಮತ್ತೆ ಅಂದ. ಮತ್ತೆ ಮರೆತೆ.

ಒಂಬತ್ತನೇ ದಿನ ಮಾಜಾಳಿಯಿಂದ ಒಬ್ಬ ಮುದುಕ ಬಂದ,
ಶಾಂತಾರಾಮ ಕೊಠಾರಕರ್, ಚಪ್ಪಲಿ ಕೈಯಲ್ಲಿ ಹಿಡಿದು,
ಮರಳು ದಾಟಿ ಬಂದದ್ದಕ್ಕೋ, ಮರ್ಯಾದೆಗೋ.
ಸುತ್ತ ಒಮ್ಮೆ ನಡೆದ. ಮೂರನೇ ಗಾಲಿಯ ಹತ್ತಿರ ಕೂತ.
"ನಮ್ಮದಲ್ಲ ಇದು. ಅದೇ ಜಾತಿ, ಆದರೆ ನಮ್ಮದಲ್ಲ."
ಹೀಗಂದವನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ.
"ಮೊಣಕಾಲು ಮಡಚುವುದಿಲ್ಲ ತಮ್ಮಾ,
ನನ್ನ ಬದಲು ನೀನು ಒಳಗೆ ಇಳಿ.
ಡ್ರೈವರನ ಸೀಟಿನಲ್ಲಿ ಕೂತು ಹೇಳು,
ಬಲಗೈಗೆ ಏನು ಸಿಗುತ್ತದೆ?"

ಇಳಿದೆ. ಕಬ್ಬಿಣದ ಹೊಟ್ಟೆ, ಮಧ್ಯಾಹ್ನ ಹನ್ನೆರಡು.
ಒಲೆಯ ಮೇಲಿನ ಕಾವಲಿಯೂ ಇಷ್ಟು ಕಾಯುವುದಿಲ್ಲ.
ಒಂದು ಕೋಲು, ಮುರಿದದ್ದು, ಅಂದೆ.
"ಮುರಿಯಲಿ. ಎಡಕ್ಕೆ?"
ಇನ್ನೊಂದು ಕೋಲು.
"ಹಿಂದಕ್ಕೆ ಎಳೆ."
ಎಳೆದೆ. ಏನೂ ಆಗಲಿಲ್ಲ.
"ಹಾಂ," ಅಂದ ಹೊರಗಿನಿಂದ,
ಏನೋ ಆದವನ ಹಾಗೆ.

ಸೀಟಿನ ಸಂದಿಯಲ್ಲಿ ಬೆರಳಿಗೆ ತಾಗಿತು
ಅರ್ಧ ಬಾಚಣಿಗೆ. ಕಪ್ಪು ಪ್ಲಾಸ್ಟಿಕ್, ಏಳು ಹಲ್ಲು.
ಕೊಟ್ಟರೆ ಮೂಗಿಗೆ ಹಿಡಿದ. ಎಣ್ಣೆಯ ವಾಸನೆ
ಇರಲಿಲ್ಲವೆಂದು ಕಾಣುತ್ತದೆ.
"ಹೆಲ್ಮೆಟ್ಟು ಹಾಕುವ ಮೊದಲು ಬಾಚಿಕೊಳ್ಳುತ್ತಿದ್ದೆವು ಎಲ್ಲರೂ.
ಯಾರು ನೋಡುತ್ತಾರೆ ಅಂತ ಕೇಳಬೇಡ."
ನಾನು ಕೇಳಿರಲಿಲ್ಲ.

ಚಹಾ ತರಿಸಿದೆ. ಸುಮ್ಮನಿರಲಾರದೆ
ನನಗೆ ಗೊತ್ತಿದ್ದ ಒಂದೇ ಕಬ್ಬಿಣದ ಮಾತು ಹೇಳಿದೆ:
ಉಕ್ಕಿನ ಬೋಟಿನ ತಳಕ್ಕೆ ನಾವು
ಸತುವಿನ ಬಿಲ್ಲೆ ಬಡಿಯುತ್ತೇವೆ, ಅಜ್ಜಾ.
ಉಪ್ಪುನೀರು ಮೊದಲು ಅದನ್ನು ತಿನ್ನುತ್ತದೆ,
ಕಬ್ಬಿಣವನ್ನು ಬಿಟ್ಟುಕೊಡುತ್ತದೆ.
ವರ್ಷಕ್ಕೊಮ್ಮೆ ಬೋಟು ದಡಕ್ಕೆಳೆದಾಗ ನೋಡಬೇಕು,
ಚೀಪಿಟ್ಟ ಬೆಲ್ಲದಚ್ಚಿನ ಹಾಗೆ ಇರುತ್ತದೆ.
ಕಿತ್ತು ಬಿಸಾಕಿ ಹೊಸದು ಬಡಿಯುತ್ತೇವೆ.

"ಇದಕ್ಕೂ ಬಡಿಯುತ್ತೀಯಾ?"
ನೀರಿನಲ್ಲಿದ್ದರೆ ಮಾತ್ರ ಅದರ ಆಟ. ಒಣನೆಲದಲ್ಲಿ
ಸವೆಯುವುದಾದರೆ ಕಬ್ಬಿಣವೇ ಸವೆಯಬೇಕು.

ಲೋಟದ ತಳ ನೋಡುತ್ತ ಬಹಳ ಹೊತ್ತು ಕೂತಿದ್ದ.
"ನಾವು ನಾಲ್ಕು ಜನ ಇದ್ದೆವು," ಅಂದ.
ಮೂರು ಹೆಸರು ಹೇಳಿದ.
ಯಾವುದೂ ನಮ್ಮ ಕಡೆಯ ಹೆಸರಲ್ಲ.
ಸಂಜೆಯ ಹೊತ್ತಿಗೆ ಎರಡು ಮರೆತಿದ್ದೆ.

ಬಾಚಣಿಗೆಗೆ ಪಟ್ಟಿಯಲ್ಲಿ ನಂಬರಿಲ್ಲ, ಎಸೆ ಅಂದ ಉಲ್ಲಾಸ.
ಇದ್ದ ಸಂದಿಗೇ ಹಾಕಿ
ಮೇಲಿನ ಮುಚ್ಚಳ ಬೆಸುಗೆ ಹಾಕಿದೆ.

ಈಗ ಟಿಕೇಟು ಹತ್ತು ರೂಪಾಯಿ, ಸೋಮವಾರ ರಜೆ.
ಶಾಲೆಯ ಮಕ್ಕಳು ತಗ್ಗಿನೊಳಗೆ ಸರದಿ ಹಚ್ಚಿ
ಮುಷ್ಟಿ ಇಡುತ್ತವೆ. ಫೋಟೋ.
ಇದು ಎಷ್ಟು ಜನರನ್ನು ಕೊಂದಿದೆ ಎಂದು
ಒಂದು ಹುಡುಗಿ ಕೇಳಿದಳು, ಲೆಕ್ಕದ ಟೀಚರನ್ನೇ.
ಟೀಚರು ಫಲಕ ಓದಲು ಕನ್ನಡಕ ಹುಡುಕಿದರು.

ಮೀನುಪೇಟೆಗೆ ಹೋಗುವಾಗ ನಾನು ಆ ದಾರಿಯಲ್ಲೇ ಬರುತ್ತೇನೆ.
ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತೇನೆ, ಹಾಗೇ.
ಬಣ್ಣ ಹೊಳೆಯುತ್ತಿದೆ ಇನ್ನೂ.
ಮೂರನೇ ಗಾಲಿಯ ಮೇಲೆ ಮಾತ್ರ
ಸದ್ದು ಸ್ವಲ್ಪ ಮಂದ.
ಉಲ್ಲಾಸನಿಗೆ ಹೇಳಿಲ್ಲ.